ಕೌನ್ಸಿಲ್‌ನಿಂದ ಪಾರ್ಲಿಮೆಂಟಿಗೆ 17 ವರ್ಷ: ಕ್ಯಾಥರಿನ್ ಕಾನಲಿ ದಾರಿ ಇಷ್ಟು ಉದ್ದ ಯಾಕಾಯ್ತು?

ಗಾಲ್‌ವೇ_ಮಳೆ
ಐರ್ಲೆಂಡ್ ರಾಜಕೀಯ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. 2025ರ ಅಕ್ಟೋಬರ್‌ನಲ್ಲಿ ಕ್ಯಾಥರಿನ್ ಕಾನಲಿ ಇಲ್ಲಿನ ರಾಷ್ಟ್ರಾಧ್ಯಕ್ಷೆಯಾಗಿ ಗೆದ್ದಾಗ ನಮ್ಮ ಆಫೀಸಿನ ಗಾಲ್‌ವೇ ಮಂದಿ ಎಲ್ಲ ಅವರ ಬಗ್ಗೆ ಪಕ್ಕದ ಮನೆಯವರ ಹಾಗೆ ಮಾತಾಡುತ್ತಿದ್ದರು. ಒಬ್ಬರ ಬೀದಿ ದೀಪ ಸರಿ ಮಾಡಿಸಿದ್ದರಂತೆ, ಇನ್ನೊಬ್ಬರ ಅಮ್ಮನಿಗೆ ಕೌನ್ಸಿಲ್ ಮನೆ (ಕಡಿಮೆ ಬಾಡಿಗೆಗೆ ಕೌನ್ಸಿಲ್ ಕೊಡುವ ಮನೆ) ಅರ್ಜಿ ಬರೆದುಕೊಟ್ಟಿದ್ದರಂತೆ.

ಕುತೂಹಲಕ್ಕೆ ಓದಿ ನೋಡಿದೆ. 1999ರಲ್ಲಿ ಗಾಲ್‌ವೇ ನಗರ ಕೌನ್ಸಿಲ್‌ಗೆ ಗೆದ್ದಿದ್ದಾರೆ. 2004ರಲ್ಲಿ ಮೇಯರ್. ಆಮೇಲೆ 2007ರಲ್ಲಿ ಡಾಯ್ಲ್‌ಗೆ (ಇಲ್ಲಿನ ಲೋಕಸಭೆ ಅನ್ನಿ) ನಿಂತು ಸೋಲು, 2011ರಲ್ಲಿ ಮತ್ತೆ ಸೋಲು. ಕೊನೆಗೆ 2016ರಲ್ಲಿ ಗೆಲುವು. ಮೇಯರ್ ಆಗಿದ್ದವರಿಗೆ ಇಷ್ಟು ವರ್ಷ ಯಾಕೆ ಬೇಕಾಯ್ತು? ಲಿಯೋ ವರಾಡ್ಕರ್ 2003ರಲ್ಲಿ ಕೌನ್ಸಿಲರ್, 2007ರಲ್ಲಿ ಸಂಸದ, 2017ರಲ್ಲಿ ಪ್ರಧಾನಿ. ಅಂದರೆ ಕೌನ್ಸಿಲ್ ಅನ್ನುವುದು ಮೆಟ್ಟಿಲಾ, ಇಲ್ಲಾ ಸಿಕ್ಕಿಹಾಕಿಕೊಳ್ಳುವ ಜಾಗವಾ?

ವಿಜಯನಗರ_ಹುಡುಗ
17 ವರ್ಷ ಪಾತ್‌ಹೋಲ್ ಮುಚ್ಚಿಸಿದರೆ ಯಾರಿಗಾದರೂ ಅಧ್ಯಕ್ಷ ಗಿರಿ ಕೊಡಲೇಬೇಕು ಬಿಡಿ.

ಡಬ್ಲಿನ್_ದೊಡ್ಡಣ್ಣ
ಮೇಯರ್ ಅಂದ ತಕ್ಷಣ ದೊಡ್ಡ ಅಧಿಕಾರ ಅಂದುಕೊಳ್ಳಬೇಡಿ. ಇಲ್ಲಿ ಮೇಯರ್‌ನನ್ನು ಕೌನ್ಸಿಲರ್‌ಗಳೇ ಸೇರಿ ಒಂದು ವರ್ಷಕ್ಕೆ ಆರಿಸುತ್ತಾರೆ. ಕೊರಳಿಗೆ ದಪ್ಪ ಸರ, ರಿಬ್ಬನ್ ಕತ್ತರಿಸುವುದು, ಶಾಲೆಗಳಿಗೆ ಹೋಗಿ ಫೋಟೋ, ಅಷ್ಟೇ. ಜನ ನೇರವಾಗಿ ಆರಿಸಿದ ಮೇಯರ್ ಇರುವುದು ಲಿಮರಿಕ್‌ನಲ್ಲಿ ಮಾತ್ರ, ಅದೂ 2024ರಿಂದ. ಆಡಳಿತ ನಡೆಸುವವರು ಚೀಫ್ ಎಕ್ಸಿಕ್ಯೂಟಿವ್ ಅನ್ನುವ ಅಧಿಕಾರಿ. ಆಗೆಲ್ಲ ಸಿಟಿ ಮ್ಯಾನೇಜರ್ ಅನ್ನುತ್ತಿದ್ದರು.

ಕೌನ್ಸಿಲರ್‌ಗಳ ಕೈಯಲ್ಲಿರುವುದು ವರ್ಷದ ಬಜೆಟ್ ಒಪ್ಪುವುದು, ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ಅಭಿವೃದ್ಧಿ ಯೋಜನೆ, ಆಸ್ತಿ ತೆರಿಗೆಯಲ್ಲಿ ಸ್ವಲ್ಪ ಏರಿಳಿತ. ಪೊಲೀಸ್, ಶಾಲೆ, ಆಸ್ಪತ್ರೆ ಯಾವುದೂ ಅವರದ್ದಲ್ಲ. ನೀರು ಕೂಡ ಈಗ ರಾಷ್ಟ್ರಮಟ್ಟದ ಕಂಪನಿಗೆ ಹೋಗಿದೆ.

ಒಂದು ಉದಾಹರಣೆ ಕೇಳಿ. ಕಾನಲಿ ಕೌನ್ಸಿಲ್‌ಗೆ ಬಂದ ಹೊಸದರಲ್ಲಿ ಗಾಲ್‌ವೇ ಸುತ್ತಮುತ್ತ ಕಸ ಸುಡುವ ಘಟಕದ ಜಗಳ ನಡೆಯುತ್ತಿತ್ತು. ಕೌನ್ಸಿಲರ್‌ಗಳು ಯೋಜನೆಗೆ ಒಪ್ಪಲಿಲ್ಲ. ಸರ್ಕಾರ ಏನು ಮಾಡಿತು? 2001ರಲ್ಲಿ ಕಾನೂನನ್ನೇ ಬದಲಾಯಿಸಿ ಕಸದ ಯೋಜನೆ ಪಾಸು ಮಾಡುವ ಅಧಿಕಾರವನ್ನು ಕೌನ್ಸಿಲರ್‌ಗಳಿಂದ ಕಿತ್ತು ಮ್ಯಾನೇಜರ್‌ಗೆ ಕೊಟ್ಟಿತು! ಇಂಥ ಕಡೆ 17 ವರ್ಷ ಇದ್ದವರಿಗೆ ಬೇರೆ ಏನಿಲ್ಲದಿದ್ದರೂ ಸಿಟ್ಟು ಅಂತೂ ಬರುತ್ತದೆ.

ತುಂಗಾತೀರ
ಹಾಗಾದರೆ ನನಗೆ ಅನ್ನಿಸಿದ್ದೇ ಸರಿ ಆಯ್ತಲ್ಲ. ಅಧಿಕಾರ ಇಲ್ಲದ ಕುರ್ಚಿಯಲ್ಲಿ 17 ವರ್ಷ. ಸುಮ್ನೆ ಟೈಮ್ ವೇಸ್ಟ್. ಅವರು ಮೊದಲಿದ್ದ ಲೇಬರ್ ಪಕ್ಷ ಟಿಕೆಟ್ ಕೊಟ್ಟಿದ್ದರೆ 2007ರಲ್ಲೇ ಪಾರ್ಲಿಮೆಂಟಿಗೆ ಹೋಗುತ್ತಿದ್ದರು. ಪಕ್ಷ ಬಿಟ್ಟಿದ್ದೇ ತಪ್ಪು ಹೆಜ್ಜೆ.

ಕಾನೂನು_ಕೋಟ್
ಟಿಕೆಟ್ ವಿಷಯ ಅಷ್ಟು ಸಲೀಸಲ್ಲ. ಗಾಲ್‌ವೇ ವೆಸ್ಟ್ ಕ್ಷೇತ್ರದಲ್ಲಿ ಲೇಬರ್‌ಗೆ ಮೈಕಲ್ ಡಿ. ಹಿಗ್ಗಿನ್ಸ್ ಇದ್ದರು. ದೊಡ್ಡ ಮರ. ಅವರ ಜೊತೆ ಎರಡನೇ ಅಭ್ಯರ್ಥಿಯಾಗಿ ನಿಲ್ಲುತ್ತೇನೆ ಅಂತ ಕಾನಲಿ ಕೇಳಿದರು, ಪಕ್ಷ ಬೇಡ ಅಂದಿತು. ಮತ ಒಡೆದು ಇದ್ದ ಒಂದು ಸೀಟೂ ಹೋದರೆ ಅನ್ನುವ ಭಯ. ಅದಕ್ಕೇ ಪಕ್ಷ ಬಿಟ್ಟು 2007ರಲ್ಲಿ ಪಕ್ಷೇತರರಾಗಿ ನಿಂತರು.

ಮಜಾ ನೋಡಿ. ಅದೇ ಹಿಗ್ಗಿನ್ಸ್ 2011ರಲ್ಲಿ ರಾಷ್ಟ್ರಾಧ್ಯಕ್ಷರಾದರು, 14 ವರ್ಷ ಆ ಕುರ್ಚಿಯಲ್ಲಿದ್ದರು, ಅವರ ನಂತರ ಅದೇ ಕುರ್ಚಿಗೆ ಬಂದವರು ಕಾನಲಿ. ಅಂದು ಬೇಡ ಅಂದ ಲೇಬರ್ ಪಕ್ಷ 2025ರಲ್ಲಿ ಅವರಿಗೆ ಬೆಂಬಲ ಕೊಟ್ಟಿತು. ಶಿನ್ ಫೇನ್, ಸೋಷಿಯಲ್ ಡೆಮಾಕ್ರಾಟ್ಸ್, ಗ್ರೀನ್ಸ್ ಎಲ್ಲರೂ ಜೊತೆಗೆ.

ಸುಬ್ಬಲಕ್ಷ್ಮಿ_ಲಿಮರಿಕ್
ಹಿಗ್ಗಿನ್ಸ್ ಕಥೆಯೂ ಏನು ಕಡಿಮೆ ಇಲ್ಲ. 1969ರಲ್ಲಿ ಸೋಲು, 1973ರಲ್ಲಿ ಸೋಲು, ಡಾಯ್ಲ್‌ಗೆ ಗೆದ್ದಿದ್ದು 1981ರಲ್ಲಿ. ನಡುವೆ ಕೌನ್ಸಿಲರ್, ಸೆನೆಟರ್. ಗಾಲ್‌ವೇಗೆ ಎರಡು ಸಲ ಮೇಯರ್. ಗಾಲ್‌ವೇ ನೀರಲ್ಲೇ ಏನೋ ಇದೆ, ಎಲ್ಲರನ್ನೂ ಕಾಯಿಸುತ್ತದೆ.

ವಿಜಯನಗರ_ಹುಡುಗ
ಗಾಲ್‌ವೇ ನೀರಿನ ಮಾತು ಬೇಡ. 2007ರಲ್ಲಿ ಅಲ್ಲಿನ ನಲ್ಲಿ ನೀರಲ್ಲಿ ಕ್ರಿಪ್ಟೋಸ್ಪೊರಿಡಿಯಂ ಅನ್ನುವ, ಹೊಟ್ಟೆ ಕೆಡಿಸುವ ಪರಾವಲಂಬಿ ಬಂದು ತಿಂಗಳುಗಟ್ಟಲೆ ಜನ ಕುದಿಸಿ ಕುಡಿದಿದ್ದರು. ನಮ್ಮ ಮಾವ ಆಗ ಅಲ್ಲಿದ್ದರು. ಅಂಗಡಿಯಲ್ಲಿ ಬಾಟಲಿ ಸಿಗುತ್ತಿರಲಿಲ್ಲವಂತೆ.

ತುಂಗಾತೀರ
ಸರಿ, ಪಕ್ಷ ಬಿಟ್ಟರು. ಹಾಗಾದರೆ 2007ರಲ್ಲಿ 17 ಮತದಿಂದ ಸೋತರು ಅಂತ ಎಲ್ಲೋ ಓದಿದೆ. 17 ವರ್ಷ, 17 ಮತ. ಪಕ್ಷದ ಗುರುತು ಇದ್ದಿದ್ದರೆ ಆ 17 ಮತ ಒಂದು ಬೀದಿಯಲ್ಲೇ ಸಿಗುತ್ತಿತ್ತು.

ಲೆಕ್ಕದ_ಮೇಷ್ಟ್ರು
17 ಮತದ ಸೋಲು 2011ರದ್ದು, 2007ರದ್ದಲ್ಲ. ಕೊನೆಯ ಸೀಟಿಗೆ ಫಿನ ಗೇಲ್ ಪಕ್ಷದ ಶಾನ್ ಕೈನ್ ಜೊತೆ ಪೈಪೋಟಿ. ಮರು ಎಣಿಕೆ ಆಗಿ ದಿನಗಟ್ಟಲೆ ನಡೆಯಿತು. ಅದು ನಮ್ಮೂರಿನ ಹಾಗೆ ಒಬ್ಬರ ಎದುರು ಒಬ್ಬರು ನಿಂತು 17 ಮತದಿಂದ ಸೋಲುವ ಆಟ ಅಲ್ಲ. ಇಲ್ಲಿನ ಪದ್ಧತಿ ಗೊತ್ತಿಲ್ಲದೆ ಕಾನಲಿ ಕಥೆ ಅರ್ಥವಾಗುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಗಾಲ್‌ವೇ ವೆಸ್ಟ್ ಒಂದು ಕ್ಷೇತ್ರ, ಆದರೆ ಐದು ಸೀಟು. ಮತಪತ್ರದಲ್ಲಿ ಗುರುತು ಒತ್ತುವುದಿಲ್ಲ, 1, 2, 3 ಅಂತ ನಂಬರ್ ಬರೆಯುತ್ತೀರಿ. ಗೆಲ್ಲಲು ಒಂದು ಕೋಟಾ ಇದೆ. ಸಿಂಧು ಮತಗಳನ್ನು ಸೀಟಿನ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಿ. ಐದು ಸೀಟಾದರೆ ಆರರಿಂದ ಭಾಗ. 60,000 ಮತ ಬಿದ್ದಿದೆ ಅಂದುಕೊಳ್ಳಿ, ಕೋಟಾ 10,001.

ಕೋಟಾ ದಾಟಿದವನ ಹೆಚ್ಚುವರಿ ಮತ ಆ ಮತದಾರರು ಬರೆದ ಮುಂದಿನ ಹೆಸರಿಗೆ ಹೋಗುತ್ತದೆ. ಯಾರೂ ದಾಟದಿದ್ದರೆ ಕಡೆಯಲ್ಲಿದ್ದವನನ್ನು ಆಟದಿಂದ ತೆಗೆದು ಅವನ ಮತಗಳನ್ನು ಹಂಚುತ್ತಾರೆ. ಹೀಗೆ ಸುತ್ತಿನ ಮೇಲೆ ಸುತ್ತು. ಮೊದಲ ನಾಲ್ಕು ಸೀಟು ಹೇಗೋ ತುಂಬಿಬಿಡುತ್ತದೆ. ಐದನೆಯದು ಮಾತ್ರ ಪಕ್ಕಾ ಎರಡನೇ, ಮೂರನೇ, ಕೆಲವೊಮ್ಮೆ ಏಳನೇ ಆಯ್ಕೆಯ ಮೇಲೆ ನಿಂತಿರುತ್ತದೆ.

ಈಗ ಹೇಳಿ, ನನಗೆ ಮೊದಲ ಆಯ್ಕೆ ನನ್ನ ಪಕ್ಷದವನು. ಏಳನೇ ನಂಬರ್ ಯಾರಿಗೆ ಬರೆಯುತ್ತೇನೆ? ನಮ್ಮ ಬೀದಿ ದೀಪ ಸರಿ ಮಾಡಿಸಿದವರಿಗೆ. ಪಕ್ಷೇತರರಿಗೆ ಪಕ್ಷದ ವರ್ಗಾವಣೆ ಮತ ಬರುವುದಿಲ್ಲ, ಬರುವುದೆಲ್ಲ ಪರಿಚಯದಿಂದ. ಆ ಪರಿಚಯ ಸಂಪಾದಿಸಿದ್ದು ಕೌನ್ಸಿಲ್‌ನಲ್ಲಿ. ಅದು ವೇಸ್ಟ್ ಅಲ್ಲ ತುಂಗಾತೀರ ಅವರೇ.

ತುಂಗಾತೀರ
ಏಳನೇ ಆಯ್ಕೆಯಲ್ಲಿ ಗೆದ್ದವರು ಜನಪ್ರತಿನಿಧಿ ಅನ್ನುವುದು ಹೇಗೆ? ಜನ ಆರು ಸಲ "ಇವರಲ್ಲ" ಅಂದ ಮೇಲೆ ಬಂದವರು.

ಲೆಕ್ಕದ_ಮೇಷ್ಟ್ರು
ನಮ್ಮ ಕಡೆ 35 ಪರ್ಸೆಂಟ್ ಮತ ತಗೊಂಡು ಗೆದ್ದವರು ಉಳಿದ 65 ಪರ್ಸೆಂಟ್ ಜನರಿಗೆ ಎಷ್ಟನೇ ಆಯ್ಕೆ?

ವಿಜಯನಗರ_ಹುಡುಗ
ಮೇಷ್ಟ್ರು 1, ತುಂಗಾತೀರ 0.

ಕಾನೂನು_ಕೋಟ್
ಈ ಪದ್ಧತಿ ನಮಗೆ ಹೊಸದೇನೂ ಅಲ್ಲ. ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕುವುದು ಇದೇ ಲೆಕ್ಕದಲ್ಲಿ, ಪ್ರಾಶಸ್ತ್ಯದ ಮತ ಅಂತ ಪೇಪರ್‌ನಲ್ಲಿ ಓದಿರುತ್ತೀರಿ. ಕರ್ನಾಟಕ ವಿಧಾನ ಪರಿಷತ್ತಿನ 75 ಸೀಟಿನಲ್ಲಿ 25 ಸ್ಥಳೀಯ ಸಂಸ್ಥೆಗಳಿಂದ ಬರುತ್ತವೆ. ಪಂಚಾಯಿತಿ, ಪುರಸಭೆ ಸದಸ್ಯರೇ ಅಲ್ಲಿ ಮತದಾರರು. ಐರ್ಲೆಂಡಿನ ಸೆನೆಟ್ ಕೂಡ ಹಾಗೇ. 60 ಸೀಟಿನಲ್ಲಿ 43ಕ್ಕೆ ಮತ ಹಾಕುವವರು ಮುಖ್ಯವಾಗಿ ಕೌನ್ಸಿಲರ್‌ಗಳು, ಜೊತೆಗೆ ಸಂಸದರು. 11 ಜನರನ್ನು ಪ್ರಧಾನಿ ನಾಮಕರಣ ಮಾಡುತ್ತಾರೆ. ನಮ್ಮ ಸಂವಿಧಾನ ಬರೆದವರು ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ಐರಿಷ್ ಸಂವಿಧಾನ ನೋಡಿಯೇ ತೆಗೆದುಕೊಂಡಿದ್ದು, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ.

ಹಾಗಾಗಿ ಕೌನ್ಸಿಲರ್ ಅಂದರೆ ಪುಡಿ ಮನುಷ್ಯ ಅಲ್ಲ. ಸೆನೆಟ್ ಚುನಾವಣೆ ಬಂದರೆ ಅಭ್ಯರ್ಥಿಗಳು ದೇಶವೆಲ್ಲ ಕಾರು ಓಡಿಸಿ ಒಬ್ಬೊಬ್ಬ ಕೌನ್ಸಿಲರ್ ಮನೆಗೆ ಹೋಗಿ ಟೀ ಕುಡಿಯುತ್ತಾರೆ. ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಲ್ಲಬೇಕಾದರೂ 20 ಸಂಸತ್ ಸದಸ್ಯರ ಸಹಿ ಬೇಕು, ಅದು ಸಿಗದಿದ್ದರೆ ನಾಲ್ಕು ಕೌನ್ಸಿಲ್‌ಗಳ ಒಪ್ಪಿಗೆ ಬೇಕು.

ನರ್ಸಮ್ಮ_ಕಾರ್ಕ್
ನನಗೆ ಈ ಲೆಕ್ಕ ಎಲ್ಲ ತಲೆಗೆ ಹತ್ತುವುದಿಲ್ಲ. ಆದರೆ ಬಾಗಿಲು ತಟ್ಟುವುದು ಅಂತೂ ಗೊತ್ತು. 2024ರ ಜೂನ್ ಚುನಾವಣೆಗೆ ಮುಂಚೆ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ. ಬೆಲ್ ಆಯ್ತು. ಮಳೆಯಲ್ಲಿ ನೆನೆದುಕೊಂಡು ಒಬ್ಬ ಹೆಂಗಸು, ಕೈಯಲ್ಲಿ ಕರಪತ್ರ. "ನಾನು ಸಿಟಿಜನ್ ಅಲ್ಲ" ಅಂದೆ, ಬಾಗಿಲು ಹಾಕಲು ಹೋದೆ. ಸ್ಥಳೀಯ ಚುನಾವಣೆಗೆ ಇಲ್ಲಿ ವಾಸ ಇದ್ದರೆ ಸಾಕು, ಪೌರತ್ವ ಬೇಡ ಅಂತ ಅವರೇ ಹೇಳಿದ್ದು. ಅಲ್ಲಿವರೆಗೂ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ನಮ್ಮ ರಸ್ತೆ ತಿರುವಿನಲ್ಲಿ ಪೊದೆ ಬೆಳೆದು ಬಸ್ ಕಾಣುವುದಿಲ್ಲ ಅಂತ ದೂರಿದೆ. ಬರೆದುಕೊಂಡು ಹೋದರು. ಎರಡು ವಾರದಲ್ಲಿ ಕತ್ತರಿಸಿದರು.

ಅವರು ಗೆದ್ದರಾ ಅಂತ ಕೇಳಬೇಡಿ. ಸೋತರು ಪಾಪ. ನಾನು 1 ಬರೆದಿದ್ದೆ.

ಗಾಲ್‌ವೇ_ಮಳೆ
ನಿಜವಾಗಲೂ ನಾವು ಮತ ಹಾಕಬಹುದಾ? ವರ್ಕ್ ಪರ್ಮಿಟ್‌ನಲ್ಲಿ ಇದ್ದರೂ?

ಡಬ್ಲಿನ್_ದೊಡ್ಡಣ್ಣ
ಹೌದು. 18 ತುಂಬಿರಬೇಕು, ಇಲ್ಲೇ ವಾಸ ಇರಬೇಕು, ಹೆಸರು ಪಟ್ಟಿಯಲ್ಲಿರಬೇಕು. ಯಾವ ದೇಶದವರಾದರೂ ಸರಿ. ಅಭ್ಯರ್ಥಿಯಾಗಿ ನಿಲ್ಲಲೂಬಹುದು! ಡಾಯ್ಲ್‌ಗೆ ಮತ ಹಾಕಲು ಆಗುವುದಿಲ್ಲ, ಅದಕ್ಕೆ ಐರಿಷ್ ಅಥವಾ ಬ್ರಿಟಿಷ್ ಪೌರತ್ವ ಬೇಕು. ರಾಷ್ಟ್ರಾಧ್ಯಕ್ಷ ಚುನಾವಣೆಗೆ ಐರಿಷ್ ಪೌರರು ಮಾತ್ರ. ಕೇರಳದಿಂದ ಬಂದ ಬೇಬಿ ಪೆರೆಪ್ಪಾಡನ್ 2024ರಲ್ಲಿ ಸೌತ್ ಡಬ್ಲಿನ್ ಮೇಯರ್ ಆದರು. ನಮ್ಮವರು ಮಾತ್ರ ಯುಗಾದಿ ಕಾರ್ಯಕ್ರಮದಲ್ಲಿ ಹೋಳಿಗೆ ಖಾಲಿ ಆಯ್ತು ಅಂತ ಜಗಳ ಆಡುತ್ತಾ ಕೂತಿರುತ್ತೇವೆ.

ಸುಬ್ಬಲಕ್ಷ್ಮಿ_ಲಿಮರಿಕ್
ಹೋಳಿಗೆ ವಿಷಯ ಎತ್ತಬೇಡಿ, ಆ ಗಾಯ ಇನ್ನೂ ಆರಿಲ್ಲ.

ತುಂಗಾತೀರ
ಮೂಲ ಪ್ರಶ್ನೆಗೆ ಬನ್ನಿ. ವರಾಡ್ಕರ್ ನಾಲ್ಕೇ ವರ್ಷದಲ್ಲಿ ಹೇಗೆ ಹಾರಿದರು? ಸೈಮನ್ ಹ್ಯಾರಿಸ್ ಇನ್ನೂ ಬೇಗ: 2009ರಲ್ಲಿ ವಿಕ್ಲೋ ಕೌನ್ಸಿಲ್, 2011ರಲ್ಲಿ 24ನೇ ವಯಸ್ಸಿಗೆ ಡಾಯ್ಲ್, 2024ರಲ್ಲಿ 37ಕ್ಕೆ ಪ್ರಧಾನಿ. ಇವರೆಲ್ಲ ಬೀದಿ ದೀಪ ಸರಿ ಮಾಡಿಸಿ ಗೆದ್ದರು ಅಂತ ಹೇಳಬೇಡಿ. ಪಕ್ಷ ಅವರನ್ನು ಎತ್ತಿ ಕೂರಿಸಿತು.

ಕಾನೂನು_ಕೋಟ್
ವರಾಡ್ಕರ್ ಮೊದಲು ನಿಂತಿದ್ದು 1999ರಲ್ಲಿ. ಹೌದು, ಕಾನಲಿ ಗೆದ್ದ ಅದೇ ಚುನಾವಣೆ. ಮೆಡಿಕಲ್ ಓದುತ್ತಿದ್ದ 20ರ ಹುಡುಗ, ಡಬ್ಲಿನ್‌ನ ಮಲಹಡರ್ಟ್‌ನಲ್ಲಿ ನಿಂತು 380 ಮತ ಪಡೆದು ಸೋತರು. ಆಮೇಲೆ 2003ರಲ್ಲಿ ಚುನಾವಣೆಯೇ ಇಲ್ಲದೆ ಫಿಂಗಲ್ ಕೌನ್ಸಿಲ್ ಸೇರಿದರು. ಇಲ್ಲಿ ಕೌನ್ಸಿಲರ್ ಸ್ಥಾನ ಖಾಲಿಯಾದರೆ ಉಪಚುನಾವಣೆ ಇಲ್ಲ, ಆ ಪಕ್ಷದವರು ಹೇಳಿದ ಹೆಸರನ್ನು ಕೌನ್ಸಿಲ್ ಸೇರಿಸಿಕೊಳ್ಳುತ್ತದೆ. ಮರುವರ್ಷ 4,894 ಮೊದಲ ಆಯ್ಕೆ ಮತ ಬಂತು, ಆ ಸಲ ದೇಶದಲ್ಲೇ ಅತಿ ಹೆಚ್ಚು. ಪಕ್ಷ ಎತ್ತಿ ಕೂರಿಸಿದ್ದು ಅರ್ಧ ನಿಜ, ಆ 4,894 ಮಾತ್ರ ಅವರದ್ದೇ.

ಇನ್ನೊಂದು ಕಾನೂನು ಗಮನಿಸಿ. 2004ರ ಸ್ಥಳೀಯ ಚುನಾವಣೆಯಿಂದ ಒಬ್ಬರೇ ಸಂಸದರೂ ಕೌನ್ಸಿಲರೂ ಆಗಿರುವಂತಿಲ್ಲ. ಅದಕ್ಕೆ ಮುಂಚೆ ಎರಡೂ ಕುರ್ಚಿಯಲ್ಲಿ ಕೂರುತ್ತಿದ್ದರು. ಈ ನಿಷೇಧ ಬಂದಾಗ ದೊಡ್ಡ ದೊಡ್ಡವರು ಕೌನ್ಸಿಲ್ ಬಿಟ್ಟರು, ಕೆಳಗೆ ಜಾಗ ಖಾಲಿಯಾಯಿತು. ಹೊಸಬರ ಒಂದು ಇಡೀ ಸಾಲು ಆಗ ಒಳಗೆ ಬಂತು.

ಡಬ್ಲಿನ್_ದೊಡ್ಡಣ್ಣ
ಗಾಲ್‌ವೇ ವೆಸ್ಟ್‌ನಲ್ಲೇ ನೋಡಿ. 2016ರಲ್ಲಿ ಗೆದ್ದ ಐವರು: ಏಮನ್ ಓ ಕೀವ್, ನೋಯೆಲ್ ಗ್ರೀಲಿಶ್, ಶಾನ್ ಕೈನ್, ಹಿಲ್ಡಗಾರ್ಡ್ ನಾಟನ್, ಕಾನಲಿ. ಇದರಲ್ಲಿ ಗ್ರೀಲಿಶ್, ಕೈನ್ ಇಬ್ಬರೂ ಗಾಲ್‌ವೇ ಜಿಲ್ಲಾ ಕೌನ್ಸಿಲ್‌ನಲ್ಲಿದ್ದವರು. ನಾಟನ್ ನಗರ ಕೌನ್ಸಿಲ್, ಅವರೂ ಮಾಜಿ ಮೇಯರ್. ಓ ಕೀವ್ ಅಂದರೆ ಐರ್ಲೆಂಡಿನ ಹಳೇ ಪ್ರಧಾನಿ ಡಿ ವಲೇರಾ ಅವರ ಮೊಮ್ಮಗ. ಗ್ರೀಲಿಶ್ 1999ರಲ್ಲಿ ಕೌನ್ಸಿಲರ್, 2002ರಲ್ಲೇ ಸಂಸದ. ಮೂರು ವರ್ಷ! ಅಂದರೆ ಬಹುತೇಕ ಎಲ್ಲರೂ ಅದೇ ಬಾಗಿಲಿನಿಂದ ಬಂದವರು. ಕಾನಲಿಗೆ ಮಾತ್ರ ಬಾಗಿಲು ಗಟ್ಟಿಯಾಗಿತ್ತು.

ಹಾಸನದ_ಕಾಫಿ
ಯಾರೂ ಅವರ ಬದುಕಿನ ಬಗ್ಗೆ ಹೇಳಲೇ ಇಲ್ಲವಲ್ಲ. ನನಗೆ ಅದೇ ಜಾಸ್ತಿ ಹಿಡಿಸಿದ್ದು. ಗಾಲ್‌ವೇಯ ಶಾಂಟಲ್ಲಾ ಬಡಾವಣೆಯಲ್ಲಿ ಬೆಳೆದವರು. 14 ಮಕ್ಕಳಲ್ಲಿ ಒಬ್ಬರು. ಒಂಬತ್ತು ವರ್ಷ ಇದ್ದಾಗ ತಾಯಿ ತೀರಿಹೋದರು. ತಂದೆ ಬಡಗಿ, ದೋಣಿಯನ್ನೂ ಕಟ್ಟುತ್ತಿದ್ದರು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ಓದಿದರು. ಆಮೇಲೆ ಗಾಲ್‌ವೇಯಲ್ಲಿ ಕಾನೂನು ಓದಿ 1991ರಲ್ಲಿ ಬ್ಯಾರಿಸ್ಟರ್. ಕೌನ್ಸಿಲ್‌ಗೆ ಬಂದಾಗ ವಯಸ್ಸು 41. ದೊಡ್ಡವರಾದ ಮೇಲೆ ಐರಿಷ್ ಭಾಷೆಯನ್ನು ಮತ್ತೆ ಕಲಿತು, ಈಗ ನೀರು ಕುಡಿದ ಹಾಗೆ ಮಾತಾಡುತ್ತಾರೆ. ಡಾಯ್ಲ್‌ನಲ್ಲಿ ಐರಿಷ್ ಭಾಷೆಯ ಸಮಿತಿಗೆ ಅಧ್ಯಕ್ಷೆಯೂ ಆಗಿದ್ದರು.

24ನೇ ವಯಸ್ಸಿಗೆ ಸಂಸದರಾಗುವವರು ರಾಜಕೀಯ ಬಿಟ್ಟು ಬೇರೆ ಏನು ನೋಡಿರುತ್ತಾರೆ? ಇವರು ಮಾನಸಿಕ ರೋಗಿಗಳ ಜೊತೆ, ಕೋರ್ಟ್ ಜೊತೆ, ಕೌನ್ಸಿಲ್ ಮನೆಗಾಗಿ ಕಾಯುವ ಜನರ ಜೊತೆ ಕೆಲಸ ಮಾಡಿ ಬಂದವರು.

ತುಂಗಾತೀರ
ಹೊಗಳಿಕೆ ಸಾಕು. 2018ರಲ್ಲಿ ಸಿರಿಯಾಗೆ ಹೋಗಿ ಬಂದದ್ದು, ಯುರೋಪಿನ ರಕ್ಷಣಾ ನೀತಿ ಬಗ್ಗೆ ಆಡಿದ ಮಾತು, ಇದಕ್ಕೆಲ್ಲ ಎಷ್ಟು ಟೀಕೆ ಬಂತು ಗೊತ್ತಾ? ಬ್ಯಾರಿಸ್ಟರ್ ಆಗಿದ್ದಾಗ ಬ್ಯಾಂಕ್‌ಗಳ ಪರ ವಾದಿಸಿದ್ದರು ಅಂತ ಫಿನ ಗೇಲ್ ಪ್ರಚಾರದ ಉದ್ದಕ್ಕೂ ಹೇಳಿತು.

ಹಾಸನದ_ಕಾಫಿ
ಹೇಳಿತು. ಜನ 63 ಪರ್ಸೆಂಟ್ ಮತ ಕೊಟ್ಟರು.

ತುಂಗಾತೀರ
ಎದುರಿಗೆ ಯಾರಿದ್ದರು ಹೇಳಿ? ಫಿಯಾನ ಫಾಲ್ ಪಕ್ಷದ ಜಿಮ್ ಗ್ಯಾವಿನ್ ನಡುವೆಯೇ ಪ್ರಚಾರ ಬಿಟ್ಟರು, ಹೆಸರು ಮಾತ್ರ ಮತಪತ್ರದಲ್ಲಿ ಉಳಿಯಿತು. ಉಳಿದದ್ದು ಹೆದರ್ ಹಂಫ್ರೀಸ್ ಒಬ್ಬರೇ. 2 ಲಕ್ಷಕ್ಕೂ ಜಾಸ್ತಿ ಮತ ಅಸಿಂಧು. ಅರ್ಧಕ್ಕಿಂತ ಹೆಚ್ಚು ಜನ ಮತಗಟ್ಟೆಗೇ ಹೋಗಲಿಲ್ಲ.

ಲೆಕ್ಕದ_ಮೇಷ್ಟ್ರು
ಇದು ನ್ಯಾಯವಾದ ಮಾತು, ಒಪ್ಪುತ್ತೇನೆ. ಆದರೂ 9 ಲಕ್ಷಕ್ಕೂ ಹೆಚ್ಚು ಮತ ಮೊದಲ ಸುತ್ತಿನಲ್ಲೇ. ಅಲ್ಲಿಗೆ ನಿಮ್ಮ ಏಳನೇ ಆಯ್ಕೆಯ ತಕರಾರೂ ಮುಗಿಯಿತು, ಅಲ್ವಾ?

ವಿಜಯನಗರ_ಹುಡುಗ
ಮೇಷ್ಟ್ರು 2, ತುಂಗಾತೀರ 1. ಸಿಂಧು ಮತಗಳ ಆಧಾರದ ಮೇಲೆ.

ನರ್ಸಮ್ಮ_ಕಾರ್ಕ್
ಒಂದು ಅನುಮಾನ. ಕೌನ್ಸಿಲರ್‌ಗೆ ಸಂಬಳ ಇದೆಯಾ? ಮನೆ ಬಾಗಿಲಿಗೆ ಬಂದವರು ಹಗಲು ಬೇರೆ ಕೆಲಸ ಮಾಡುತ್ತೇನೆ ಅಂದಿದ್ದರು.

ಡಬ್ಲಿನ್_ದೊಡ್ಡಣ್ಣ
ಇದೆ, ಆದರೆ ಅದರಲ್ಲಿ ಮನೆ ನಡೆಸುವುದು ಕಷ್ಟ. 2021ರವರೆಗೆ ವರ್ಷಕ್ಕೆ ಸುಮಾರು 17 ಸಾವಿರ ಯೂರೋ. ಆಮೇಲೆ 25 ಸಾವಿರ ದಾಟಿತು. ಸಂಸದರಿಗೆ ಲಕ್ಷಕ್ಕೂ ಮೇಲೆ. ದೇಶಕ್ಕೆಲ್ಲ 31 ಕೌನ್ಸಿಲ್, 949 ಕೌನ್ಸಿಲರ್. 2014ಕ್ಕೆ ಮುಂಚೆ 1,600ಕ್ಕೂ ಜಾಸ್ತಿ ಇದ್ದರು, ಆ ವರ್ಷ ಸಣ್ಣ ಊರುಗಳ ಟೌನ್ ಕೌನ್ಸಿಲ್‌ಗಳನ್ನೆಲ್ಲ ಮುಚ್ಚಿಬಿಟ್ಟರು. ಸರ್ಕಾರಕ್ಕೆ ಉಳಿತಾಯ ಆಯ್ತು, ಆದರೆ ಊರಿನ ಜನರಿಗೆ ಕೈಗೆ ಸಿಗುವ ಪ್ರತಿನಿಧಿ ಹೋದರು. ಇದು ತಪ್ಪು ಅಂತ ನನ್ನ ಬಲವಾದ ಅಭಿಪ್ರಾಯ.

ಸಂಬಳ ಕಡಿಮೆ ಇದ್ದರೆ ಯಾರು ಬರುತ್ತಾರೆ? ರಿಟೈರ್ ಆದವರು, ಸ್ವಂತ ಬಿಸಿನೆಸ್ ಇರುವವರು, ಮೇಷ್ಟ್ರುಗಳು, ವಕೀಲರು. ಚಿಕ್ಕ ಮಕ್ಕಳಿರುವ ಹೆಂಗಸರಿಗೆ ಸಂಜೆ ಸಭೆಗೆ ಹೋಗುವುದೇ ದೊಡ್ಡ ಸಾಹಸ.

ಲೆಕ್ಕದ_ಮೇಷ್ಟ್ರು
ಮೇಷ್ಟ್ರುಗಳಿಗೆ ಬೇರೆ ಕೆಲಸ ಇಲ್ಲ ಅನ್ನುವ ಧ್ವನಿ ಕೇಳಿಸಿತು. ಗಮನದಲ್ಲಿಟ್ಟುಕೊಂಡಿದ್ದೇನೆ.

ಗಾಲ್‌ವೇ_ಮಳೆ
ಎಲ್ಲ ಓದಿದೆ, ಚೆನ್ನಾಗಿದೆ. ಇನ್ನೊಂದು ಪ್ರಶ್ನೆ. ಕೌನ್ಸಿಲ್‌ನಲ್ಲಿ ಕಲಿತದ್ದು ಡಾಯ್ಲ್‌ನಲ್ಲಿ ಉಪಯೋಗಕ್ಕೆ ಬಂತಾ? ಅಥವಾ ಅಲ್ಲಿ ಬರೀ ಪಕ್ಷೇತರರ ಹಿಂದಿನ ಬೆಂಚಾ?

ಹಾಸನದ_ಕಾಫಿ
ಬಂತು ಅಂತಲೇ ನನ್ನ ಲೆಕ್ಕ. ಅವರ ಭಾಷಣ ಕೇಳಿ ನೋಡಿ, ದೊಡ್ಡ ಸಿದ್ಧಾಂತಕ್ಕಿಂತ ಗಾಲ್‌ವೇ ಮನೆಗಳ ಲೆಕ್ಕ ಜಾಸ್ತಿ. 2009ರಿಂದ ವರ್ಷಗಟ್ಟಲೆ ನಗರದಲ್ಲಿ ಕೌನ್ಸಿಲ್ ಒಂದೂ ಸಾಮಾಜಿಕ ಮನೆ ಕಟ್ಟಲಿಲ್ಲ ಅಂತ ಸದನದಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಮಂತ್ರಿಗಳಿಗೆ ಬೇಜಾರು ಬರುವಷ್ಟು. ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿದ್ದಾಗ ಅಧಿಕಾರಿಗಳನ್ನು ಪುಟ ನಂಬರ್ ಹೇಳಿ ಪ್ರಶ್ನೆ ಕೇಳುತ್ತಿದ್ದರು. ಮ್ಯಾನೇಜರ್ ಕೊಟ್ಟ ದಪ್ಪ ಫೈಲನ್ನು ಒಂದೇ ರಾತ್ರಿಯಲ್ಲಿ ಓದಿ ಬೆಳಗ್ಗೆ ಸಭೆಯಲ್ಲಿ ಎದುರಿಸಬೇಕಾದ ಕೌನ್ಸಿಲರ್‌ಗೆ ಆ ಅಭ್ಯಾಸ ತಾನಾಗಿ ಬರುತ್ತದೆ.

ಕಾನೂನು_ಕೋಟ್
2020ರ ಜುಲೈ ಮರೆಯಬೇಡಿ. ಡಾಯ್ಲ್‌ನ ಡೆಪ್ಯುಟಿ ಸ್ಪೀಕರ್ ಸ್ಥಾನಕ್ಕೆ ಸರ್ಕಾರದ ಕಡೆಯಿಂದ ಫರ್ಗಸ್ ಓಡೌಡ್. ಸರ್ಕಾರಕ್ಕೆ ಬಹುಮತ ಇತ್ತು. ಆದರೆ ಗುಪ್ತ ಮತದಾನ. ಕಾನಲಿ 77, ಓಡೌಡ್ 74. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಸರ್ಕಾರದ ಬೆಂಚಿನಿಂದಲೇ ಯಾರೋ ಕೆಲವರು ಇವರಿಗೆ ಹಾಕಿದ್ದಾರೆ ಅಂತ ಅರ್ಥ. 17 ಮತದಿಂದ ಸೋತವರು 3 ಮತದಿಂದ ಗೆದ್ದರು.

ವಿಜಯನಗರ_ಹುಡುಗ
ನಮ್ಮಲ್ಲಾಗಿದ್ದರೆ ಮರುದಿನ ಎಲ್ಲರೂ ರೆಸಾರ್ಟ್‌ನಲ್ಲಿ ಇರುತ್ತಿದ್ದರು.

ಸುಬ್ಬಲಕ್ಷ್ಮಿ_ಲಿಮರಿಕ್
ಐರ್ಲೆಂಡ್‌ನಲ್ಲಿ ರೆಸಾರ್ಟ್‌ಗೆ ಕರೆದುಕೊಂಡು ಹೋದರೂ ಮಳೆಯಲ್ಲಿ ಏನು ಮಾಡುತ್ತಾರೆ? ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತಾರೆ.

ತುಂಗಾತೀರ
ಆಯ್ತು, ವೇಸ್ಟ್ ಅನ್ನುವ ಶಬ್ದ ಬಿಡೋಣ. ಆದರೆ ನನ್ನ ಮೂಲ ಮಾತು ಹಾಗೇ ಇದೆ. ಮಿಹಾಲ್ ಮಾರ್ಟಿನ್ ನೋಡಿ. 1985ರಲ್ಲಿ ಕಾರ್ಕ್ ಕೌನ್ಸಿಲ್, 1987ರಲ್ಲಿ ಸೋಲು, 1989ರಲ್ಲಿ ಡಾಯ್ಲ್. ಪಕ್ಷ ಇದ್ದದ್ದರಿಂದ ನಾಲ್ಕು ವರ್ಷ. ಪಕ್ಷ ಇಲ್ಲದವರಿಗೆ 17. ಯುವಕರು ಯಾರಾದರೂ ಕೇಳಿದರೆ ಪಕ್ಷ ಸೇರಿ ಅಂತಲೇ ಹೇಳುತ್ತೇನೆ.

ಲೆಕ್ಕದ_ಮೇಷ್ಟ್ರು
ಬೇಗ ಹೋಗಬೇಕಾದರೆ ಪಕ್ಷ, ಸರಿ. ಆದರೆ ಪಕ್ಷದ ಜೊತೆ ವಿಪ್ ಕೂಡ ಬರುತ್ತದೆ. ಸದನದಲ್ಲಿ ಮನಸ್ಸಿಗೆ ಬಂದದ್ದು ಹೇಳಬೇಕು ಅನ್ನುವವರಿಗೆ ಆ ದಾರಿ ಆಗುವುದಿಲ್ಲ. ಕಾನಲಿ ಯಾವುದನ್ನು ಆರಿಸಿಕೊಂಡರು ಅನ್ನುವುದು ಸ್ಪಷ್ಟ ಇದೆ. ಪಕ್ಷೇತರರಾಗಿ 2009, 2014 ಎರಡೂ ಕೌನ್ಸಿಲ್ ಚುನಾವಣೆ ಗೆದ್ದಿದ್ದಾರೆ. ಡಾಯ್ಲ್ ಸೋತ ಮೇಲೂ ವಾರ್ಡ್ ಬಿಡಲಿಲ್ಲ. 2011ರ ಆ 17ರ ನಂತರ ಮನೆಗೆ ಹೋಗಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ತುಂಗಾತೀರ
ಅದು ಹಟ. ರಾಜಕೀಯ ಅಲ್ಲ.

ಹಾಸನದ_ಕಾಫಿ
ಎರಡರ ನಡುವೆ ಗೋಡೆ ಇದೆ ಅಂತ ನಿಮಗೆ ಯಾರು ಹೇಳಿದರು?

ನರ್ಸಮ್ಮ_ಕಾರ್ಕ್
ಜಗಳ ಮುಂದುವರಿಸಿ, ನನಗೆ ಡ್ಯೂಟಿಗೆ ಹೊತ್ತಾಯ್ತು. ಗಾಲ್‌ವೇ_ಮಳೆ, ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಆನ್‌ಲೈನ್‌ನಲ್ಲೇ ಆಗುತ್ತದೆ. ಪಿಪಿಎಸ್ ನಂಬರ್ (ನಮ್ಮ ಆಧಾರ್ ಥರ), ಏರ್‌ಕೋಡ್ (ಪಿನ್‌ಕೋಡ್ ಥರ), ಹುಟ್ಟಿದ ದಿನಾಂಕ ಕೈಯಲ್ಲಿಟ್ಟುಕೊಳ್ಳಿ. ಮನೆ ಬದಲಾಯಿಸಿದರೆ ವಿಳಾಸವನ್ನೂ ಬದಲಾಯಿಸಿ. ಇಲ್ಲದಿದ್ದರೆ ಹಳೇ ಏರಿಯಾದಲ್ಲೇ ಹೆಸರು ಉಳಿಯುತ್ತದೆ.

ಗಾಲ್‌ವೇ_ಮಳೆ
ಥ್ಯಾಂಕ್ಸ್ ಅಕ್ಕ. ಮುಂದಿನ ಕೌನ್ಸಿಲ್ ಚುನಾವಣೆ ಯಾವಾಗ?

ಡಬ್ಲಿನ್_ದೊಡ್ಡಣ್ಣ
ಐದು ವರ್ಷಕ್ಕೊಮ್ಮೆ. 2024ರಲ್ಲಿ ಆಯ್ತು, ಇನ್ನು 2029. ಗಾಲ್‌ವೇ ನಗರಕ್ಕೆ 18 ಸೀಟು. ನಿಲ್ಲುವ ಯೋಚನೆ ಇದ್ದರೆ ಈಗಲೇ ಬಾಗಿಲು ತಟ್ಟಲು ಶುರು ಮಾಡಿ.

ವಿಜಯನಗರ_ಹುಡುಗ
ನನ್ನ ಏಳನೇ ಆಯ್ಕೆ ನಿಮಗೇ ಗ್ಯಾರಂಟಿ.